ಕಣ್ಣಿಗೆ ಕಟ್ಟುವ ಪರದೆ: ಸಿನಿಮಾಕ್ಕೊಂದು, ಆಟಕ್ಕೊಂದು

ಹೊರದೇಶದಲ್ಲಿರುವ ಅಕ್ಕನ ಮಗ ಹೋದ ಸಲ ರಜೆಗೆ ಬಂದಾಗ ಸೂಟ್‌ಕೇಸಿನಲ್ಲಿ ಒಂದು ವಿಆರ್ ಹೆಡ್‌ಸೆಟ್ ತಂದಿದ್ದ. ಮನೆಯವರೆಲ್ಲ ಸರದಿಯ ಮೇಲೆ ಹಾಕಿಕೊಂಡು ಗಾಳಿಯಲ್ಲಿ ಕೈ ಬೀಸಿದ್ದಾಯಿತು, ಭಾವ ಟೀಪಾಯಿಗೆ ಮೊಣಕಾಲು ಬಡಿಸಿಕೊಂಡದ್ದೂ ಆಯಿತು. ಕೊನೆಗೆ ಅಮ್ಮನ ಸರದಿ. "ಇದೇನೋ, ಗಾಣದೆತ್ತಿಗೆ ಕಣ್ಣು ಕಟ್ಟಿದ ಹಾಗಿದೆ" ಎಂದು ನಗುತ್ತಲೇ ಹಾಕಿಸಿಕೊಂಡರು. ಆಟ ಅವರಿಗೆ ಹಿಡಿಸಲಿಲ್ಲ. ಕೇಳಿದ್ದು ಒಂದೇ: "ಇದರಲ್ಲಿ ಸಿನಿಮಾ ಬರುತ್ತೇನೋ?"

ಬರುತ್ತೆ ಅಜ್ಜಿ ಎಂದು ಹುಡುಗ ಹಾಕಿಯೂ ಕೊಟ್ಟ. ಕಾಲು ಗಂಟೆಗೆಲ್ಲ ಅಮ್ಮ ಅದನ್ನು ಕಳಚಿ, ಹಣೆಯ ಮೇಲೆ ಮೂಡಿದ್ದ ಗೆರೆ ಉಜ್ಜಿಕೊಂಡು, "ದೊಡ್ಡದಾಗೇನೋ ಕಾಣುತ್ತೆ, ಆದರೆ ಮುಖಗಳೆಲ್ಲ ಕಲಸಿದ ಹಾಗಿವೆ. ನಮ್ಮ ಟೀವೀನೇ ವಾಸಿ" ಎಂದು ಅಡುಗೆಮನೆಗೆ ನಡೆದರು.

ಈ ಯಂತ್ರಗಳ ಬಗ್ಗೆ ಹತ್ತಾರು ವಿಮರ್ಶೆ ಓದಿಕೊಂಡಿದ್ದ ನನ್ನನ್ನು ಆ ಮಾತು ಬಹಳ ದಿನ ಕೊರೆಯಿತು. ದೊಡ್ಡದಾಗಿ ಕಾಣುವುದಕ್ಕೂ ಮುಖ ಕಲಸಿಹೋಗುವುದಕ್ಕೂ ಕಾರಣ ಒಂದೇ. ಆಟಕ್ಕೆ ಬೇಕಾದದ್ದನ್ನು ಕೊಡಲು ಹೋದ ಯಂತ್ರ ಸಿನಿಮಾಕ್ಕೆ ಬೇಕಾದದ್ದನ್ನು ಕಳೆದುಕೊಳ್ಳುತ್ತದೆ.

ತಲೆಗೆ ಕಟ್ಟುವ ಪರದೆಗೆ ಹುಟ್ಟಿನಿಂದಲೇ ಎರಡು ವಂಶ. ಅಮೆರಿಕದ ಸಿನಿಮಾ ಛಾಯಾಗ್ರಾಹಕ ಮಾರ್ಟನ್ ಹೈಲಿಗ್‌ಗೆ 1960ರಲ್ಲಿ ಒಂದು ಪೇಟೆಂಟ್ ಸಿಕ್ಕಿತು: ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ, ಕಿವಿಗೆ ಸ್ಟೀರಿಯೊ ಧ್ವನಿ ಕೊಡುವ ಮುಖವಾಡ. ಅದು ಸಿನಿಮಾದವನ ಕನಸು. ತಲೆ ತಿರುಗಿಸಿದರೆ ಚಿತ್ರವೂ ಬದಲಾಗಬೇಕೆಂಬ ಯೋಚನೆ ಅದರಲ್ಲಿರಲಿಲ್ಲ. 1968ರಲ್ಲಿ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲ್ಯಾಂಡ್ ತೋರಿಸಿದ ಯಂತ್ರದ ಜಾತಿಯೇ ಬೇರೆ. ಕಣ್ಣ ಬಳಿ ಎರಡು ಪುಟ್ಟ ಪಿಕ್ಚರ್ ಟ್ಯೂಬು, ಮೇಲೆ ಚಾವಣಿಯಿಂದ ಇಳಿಬಿಟ್ಟ ಕಂಬಿ. ತಲೆ ಎತ್ತ ತಿರುಗಿತೆಂದು ಕಂಪ್ಯೂಟರಿಗೆ ತಿಳಿಸುವುದು ಆ ಕಂಬಿಯ ಕೆಲಸ. ನೆತ್ತಿಯ ಮೇಲೆ ತೂಗುವ ಆ ಭಾರ ಕಂಡು ಅದಕ್ಕೆ ಹಳೆಯ ಗ್ರೀಕ್ ಕಥೆಯ ಡಮೊಕ್ಲಿಸ್‌ನ ಕತ್ತಿ ಎಂಬ ಅಡ್ಡಹೆಸರು ಬಂತು. ಕಾಣುತ್ತಿದ್ದದ್ದು ಬರೀ ಗೆರೆಯಲ್ಲಿ ಬರೆದ ಆಕೃತಿಗಳು. ಆದರೆ ನೀವು ಪಕ್ಕಕ್ಕೆ ಸರಿದರೆ ಆಕೃತಿಯ ಇನ್ನೊಂದು ಮಗ್ಗುಲು ಕಾಣುತ್ತಿತ್ತು! ಹೈಲಿಗ್‌ನ ವಂಶದವರು ಚಿತ್ರವನ್ನು ನೋಡುವವರು, ಸದರ್ಲ್ಯಾಂಡನ ವಂಶದವರು ಚಿತ್ರದೊಳಗೆ ಓಡಾಡುವವರು. ಈಗ ಅಂಗಡಿಯವರು ಎರಡನ್ನೂ ಒಂದೇ ಕಪಾಟಿನಲ್ಲಿಟ್ಟು ಮಾರುತ್ತಾರೆ.

ಮೊದಲ ವಂಶದ ಒಳ್ಳೆಯ ಮಾದರಿ ಸೋನಿ 2011ರಲ್ಲಿ ತಂದ ಎಚ್‌ಎಂಝಡ್-ಟಿ1. ಕಣ್ಣಿಗೊಂದರಂತೆ 0.7 ಇಂಚಿನ ಎರಡು ಓಎಲ್‌ಇಡಿ ಬಿಲ್ಲೆ, ಒಂದೊಂದರಲ್ಲೂ 1280×720 ಪಿಕ್ಸೆಲ್, ಪಕ್ಕದಲ್ಲಿ ಎಚ್‌ಡಿಎಂಐ ವೈರು ಚುಚ್ಚಲು ಒಂದು ಪೆಟ್ಟಿಗೆ. ತಲೆ ಎತ್ತ ತಿರುಗಿತೆಂಬ ಗೊಡವೆ ಅದಕ್ಕಿರಲಿಲ್ಲ. 20 ಮೀಟರ್ ದೂರದಲ್ಲಿ 750 ಇಂಚಿನ ಪರದೆ ಇದ್ದಂತೆ ಎಂಬುದು ಅದರ ಜಾಹೀರಾತು. ಕೇಳಿದೊಡನೆ ಎದೆ ಝಲ್ಲೆನ್ನುವ ಸಂಖ್ಯೆ. ಕಾಗದ, ಪೆನ್ಸಿಲ್ ಹಿಡಿದು ಕೂತರೆ ಝಲ್ಲು ಇಳಿಯುತ್ತದೆ. 750 ಇಂಚಿನ ಪರದೆಯ ಅಗಲ ಸುಮಾರು 16.6 ಮೀಟರ್. 20 ಮೀಟರ್ ದೂರದಿಂದ ನೋಡುವವನಿಗೆ ಅದು ತುಂಬಿಕೊಡುವುದು 45 ಡಿಗ್ರಿ ಕೋನ. ನಡುಮನೆಯ 40 ಇಂಚಿನ ಟೀವಿಯ ಮುಂದೆ 107 ಸೆಂಟಿಮೀಟರ್ ದೂರದಲ್ಲಿ ಕೂತರೂ ಸಿಗುವುದು ಅದೇ 45 ಡಿಗ್ರಿ. 6.7 ಇಂಚಿನ ಫೋನನ್ನು ಅಡ್ಡ ಹಿಡಿದು ಗೇಣಿಗಿಂತ ಒಂಚೂರು ಹತ್ತಿರಕ್ಕೆ, ಸುಮಾರು 19 ಸೆಂಟಿಮೀಟರಿಗೆ ತಂದರೂ ಅಷ್ಟೇ. ಈಗಲೇ ಫೋನ್ ಎತ್ತಿ ನೋಡಬಹುದು. ಅಷ್ಟು ಹತ್ತಿರ ಕಣ್ಣು ಬಹಳ ಹೊತ್ತು ನೆಡಲಾರದು, ನಲವತ್ತು ದಾಟಿದವರಿಗಂತೂ ಅಕ್ಷರಗಳೇ ಕರಗಿಹೋಗುತ್ತವೆ. ಹೆಡ್‌ಸೆಟ್ಟಿನ ಮಸೂರ ಮಾಡುವುದು ಅದೊಂದೇ ಉಪಕಾರ: ಮೂಗಿನ ತುದಿಯಲ್ಲಿರುವ ಪರದೆಯನ್ನು ಒಂದೋ ಎರಡೋ ಮೀಟರ್ ಆಚೆ ಇದೆಯೆಂದು ಕಣ್ಣಿಗೆ ನಂಬಿಸುವುದು. ಆದ್ದರಿಂದ ಡಬ್ಬಿಯ ಮೇಲೆ ಎಷ್ಟು ನೂರು ಇಂಚು ಬರೆದಿದ್ದರೂ ನಾನು ಅದನ್ನು ಓದುವುದೇ ಇಲ್ಲ. ಕೋನ ಎಷ್ಟು ಡಿಗ್ರಿ, ಆ ಕೋನದೊಳಗೆ ಪಿಕ್ಸೆಲ್ ಎಷ್ಟು, ಇಷ್ಟು ಗೊತ್ತಾದರೆ ಸಾಕು.

ಇದು ದೋಸೆ ಹುಯ್ಯುವ ಲೆಕ್ಕ. ಸೌಟಿನಲ್ಲಿರುವ ಹಿಟ್ಟು ಅಷ್ಟೇ. ಕಾವಲಿಯ ಅಂಚಿನವರೆಗೂ ಹರಡಿದರೆ ದೋಸೆ ದೊಡ್ಡದಾಗುತ್ತದೆ, ತೆಳ್ಳಗೂ ಆಗುತ್ತದೆ. ಒಂದು ಡಿಗ್ರಿ ಕೋನದಲ್ಲಿ ಎಷ್ಟು ಪಿಕ್ಸೆಲ್ ಬೀಳುತ್ತವೆ ಎಂಬುದೇ ದೋಸೆಯ ದಪ್ಪ. ಒಳ್ಳೆಯ ದೃಷ್ಟಿಯವರ ಕಣ್ಣು ಡಿಗ್ರಿಗೆ 60 ಪಿಕ್ಸೆಲ್‌ವರೆಗೆ ಬಿಡಿಸಿ ನೋಡಬಲ್ಲದು. ಸೋನಿಯ ಆ ಹಳೆಯ ಯಂತ್ರದಲ್ಲಿ 1280ನ್ನು 45ಕ್ಕೆ ಹಂಚಿದರೆ ಸುಮಾರು 28. ಎರಡು ವರ್ಷದ ಬಳಿಕ, 2013ರಲ್ಲಿ, ಎರಡನೇ ವಂಶದ ಆಕ್ಯುಲಸ್ ರಿಫ್ಟ್‌ನ ಮೊದಲ ಡೆವಲಪರ್ ಕಿಟ್ ಕೈಗೆ ಬಂತು. ಅದರಲ್ಲಿ ಕಣ್ಣಿಗೆ ಅಡ್ಡಲಾಗಿ 640 ಪಿಕ್ಸೆಲ್, ಹರಡಿದ್ದು ಸುಮಾರು 90 ಡಿಗ್ರಿಗೆ. ಅಂದರೆ ಡಿಗ್ರಿಗೆ ಏಳು. ಅದರೊಳಗೆ 45 ಡಿಗ್ರಿಯ ಸಿನಿಮಾ ಪರದೆ ನಿಲ್ಲಿಸಿದರೆ ಅಡ್ಡಲಾಗಿ ಸಿಗುವುದು 320 ಪಿಕ್ಸೆಲ್. ನಮ್ಮ ಕಾಲದ ವಿಸಿಡಿಯಲ್ಲಿ 352 ಇತ್ತು!

ಈಗಿನವು ಹೇಗೆ? 2023ರ ಮೆಟಾ ಕ್ವೆಸ್ಟ್ 3ರಲ್ಲಿ ಕಣ್ಣಿಗೆ 2064×2208 ಪಿಕ್ಸೆಲ್, ಅಡ್ಡ ಕೋನ 110 ಡಿಗ್ರಿ, ನಡುಭಾಗದಲ್ಲಿ ಡಿಗ್ರಿಗೆ 25 ಎಂದು ಕಂಪನಿಯೇ ಹೇಳುತ್ತದೆ. 45ರಿಂದ ಗುಣಿಸಿದರೆ 1125. ಹನ್ನೆರಡು ವರ್ಷ ಹಳೆಯ ಟಿ1 ತೋರಿಸುತ್ತಿದ್ದದ್ದಕ್ಕಿಂತ ಕಡಿಮೆ ಪಿಕ್ಸೆಲ್‌ಗಳಲ್ಲಿ ಅದೇ ಗಾತ್ರದ ಸಿನಿಮಾ. ಫುಲ್ ಎಚ್‌ಡಿಯ 1920 ಪಿಕ್ಸೆಲ್ಲೂ ಬೇಕೆಂದರೆ ಪರದೆಯನ್ನು 77 ಡಿಗ್ರಿಯವರೆಗೆ ಎಳೆಯಬೇಕು. ಅದು ಗಾಂಧಿ ಕ್ಲಾಸಿನಲ್ಲಿ ಕೂತು, ನಾಯಕನಿಂದ ಖಳನಾಯಕನವರೆಗೆ ಕತ್ತು ತಿರುಗಿಸುತ್ತ ನೋಡುವ ಸುಖ. ಕೆಲವರಿಗೆ ಅದೇ ಪ್ರೀತಿ, ನಾನು ಬೇಡವೆನ್ನುವುದಿಲ್ಲ. ಆದರೆ ಮನೆಯ ಟೀವಿಗೆ, ಸಿನಿಮಾ ಗುಣಮಟ್ಟ ನಿಗದಿಮಾಡುವ ಟಿಎಚ್‌ಎಕ್ಸ್ ಸಂಸ್ಥೆ ಹೇಳುವ ಹದವಾದ ಕೋನ ಸುಮಾರು 40 ಡಿಗ್ರಿ.

ಆ ಹದಕ್ಕೆ ಸರಿಯಾಗಿ ಕೂರುವುದು ಇತ್ತೀಚಿನ ಡಿಸ್‌ಪ್ಲೇ ಕನ್ನಡಕಗಳು: ಎಕ್ಸ್‌ರಿಯಲ್, ವಿಚರ್, ರೊಕಿಡ್. 2022ರ ಎಕ್ಸ್‌ರಿಯಲ್ ಏರ್ (ಆಗ ಅದರ ಹೆಸರು ಎನ್‌ರಿಯಲ್ ಏರ್) ತೂಕ 79 ಗ್ರಾಂ, ಓರೆ ಅಳತೆಯ ಕೋನ 46 ಡಿಗ್ರಿ, ಅಡ್ಡಲಾಗಿ ಸುಮಾರು 40. ಅದರೊಳಗೆ ಫುಲ್ ಎಚ್‌ಡಿಯ ಪಿಕ್ಸೆಲ್ ಅಷ್ಟೂ. ಡಿಗ್ರಿಗೆ 47ರ ಮೇಲೆ. ದಪ್ಪ ಸೆಟ್ ದೋಸೆ. ಹೈಲಿಗ್‌ನ ವಂಶ ಹೀಗೆ ಬೇರೆಯೇ ಹೆಸರಿನಲ್ಲಿ ಮತ್ತೆ ಚಿಗುರಿದೆ. ಸೋನಿ ತಾನೇ ಶುರುಮಾಡಿದ ಎಚ್‌ಎಂಝಡ್ ಸಾಲನ್ನು 2013ರ ಟಿ3ಗೆ ನಿಲ್ಲಿಸಿತು. ಈ ಕನ್ನಡಕಗಳ ಒಳಗಿರುವ ಮೈಕ್ರೊ ಓಎಲ್‌ಇಡಿ ಬಿಲ್ಲೆಗಳು ಬಹುಪಾಲು ಅದೇ ಸೋನಿಯವು ಎಂಬುದು ತಮಾಷೆ.

ಹಾಗಾದರೆ ಆಟದ ಹೆಡ್‌ಸೆಟ್ಟಿನವರು ಹಿಟ್ಟನ್ನು ಅಷ್ಟು ತೆಳ್ಳಗೆ ಯಾಕೆ ಎಳೆಯುತ್ತಾರೆ? ಆಡುವವನಿಗೆ ಪರದೆಯ ಅಂಚು ಕಾಣಬಾರದು. 45 ಡಿಗ್ರಿಯಲ್ಲಿ ಆಡಿದರೆ ಕಿಟಕಿಯಿಂದ ಇಣುಕಿದಂತೆ, 100 ದಾಟಿದರೆ ಕಿಟಕಿಯ ಆಚೆಗೇ ಇಳಿದಂತೆ. 2020ರಲ್ಲಿ ವಾಲ್ವ್ ಕಂಪನಿ ತಂದ 'ಹಾಫ್-ಲೈಫ್: ಆಲಿಕ್ಸ್' ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗುಂಡು ಹಾರುವಾಗ ನಿಜವಾಗಿಯೇ ಬಗ್ಗಿ, ಮರೆಯಲ್ಲಿ ಕೂತು, ಬೆನ್ನ ಹಿಂದಕ್ಕೆ ಕೈಹಾಕಿ ಮದ್ದು ತೆಗೆದು ಪಿಸ್ತೂಲಿಗೆ ತುಂಬಬೇಕು. ಕೈ ನಡುಗಿದರೆ ಮದ್ದು ನೆಲಕ್ಕೆ ಬೀಳುತ್ತದೆ. ಪಿಕ್ಸೆಲ್ ಎಣಿಸುವ ವ್ಯವಧಾನ ಯಾರಿಗಿರುತ್ತದೆ?

ಅಗಲಕ್ಕಿಂತ ಕಠಿಣವಾದದ್ದು ವೇಗ. ತಲೆ ತಿರುಗಿದ ಕ್ಷಣಕ್ಕೂ ಚಿತ್ರ ಬದಲಾಗುವ ಕ್ಷಣಕ್ಕೂ ನಡುವೆ 20 ಮಿಲಿಸೆಕೆಂಡಿಗಿಂತ ಹೆಚ್ಚು ಅಂತರ ಇರಬಾರದು ಎಂಬುದು ಈ ಕ್ಷೇತ್ರದವರು ಒಪ್ಪಿಕೊಂಡ ಗಡಿ. ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ ಕತ್ತು ತಿರುಗಿಸುವುದು ದೊಡ್ಡ ಮಾತಲ್ಲ, ಯಾರೋ ಹೆಸರು ಕೂಗಿದರೆ ಹಾಗೆಯೇ ತಿರುಗುತ್ತೇವೆ. ಆ ವೇಗದಲ್ಲಿ 20 ಮಿಲಿಸೆಕೆಂಡ್ ತಡವಾದರೂ ಇಡೀ ಲೋಕ ಎರಡು ಡಿಗ್ರಿ ಹಿಂದೆ ಬಿದ್ದಿರುತ್ತದೆ; ಕ್ವೆಸ್ಟ್ 3ರ ಲೆಕ್ಕದಲ್ಲಿ 50 ಪಿಕ್ಸೆಲ್. ಇನ್ನೊಂದು ಉಪದ್ರವ, ಚಿತ್ರ ಒರೆಸಿಕೊಂಡಂತೆ ಆಗುವುದು. ತಲೆ ಚಲಿಸುತ್ತಿರುವಾಗ ಒಂದು ಫ್ರೇಮ್ ಉದ್ದಕ್ಕೂ ಬೆಳಗುತ್ತಲೇ ಇದ್ದರೆ ಅದು ಕಣ್ಣಿನಲ್ಲಿ ಗೀಚಿದಂತೆ ಉಳಿಯುತ್ತದೆ. ಹಾಗಾಗಿ ಪ್ರತಿ ಫ್ರೇಮನ್ನೂ ಎರಡು ಮೂರು ಮಿಲಿಸೆಕೆಂಡ್ ಮಾತ್ರ ಮಿಂಚಿಸಿ ಮಿಕ್ಕ ಹೊತ್ತು ಪರದೆಯನ್ನು ಕಪ್ಪಾಗಿಡುವ ಉಪಾಯ ಬಂತು. 2014ರ ಎರಡನೇ ರಿಫ್ಟ್ ಕಿಟ್‌ನಲ್ಲಿ ಅದು ಬಂದ ಮೇಲೆಯೇ ವಿಆರ್ ತಲೆನೋವಿನ ಯಂತ್ರವೆಂಬ ಹೆಸರು ಸ್ವಲ್ಪ ಕಡಿಮೆಯಾದದ್ದು. ಸೆಕೆಂಡಿಗೆ 24 ಚಿತ್ರ ತೋರಿಸುವ ಸಿನಿಮಾಕ್ಕೆ ಇದಾವುದರ ಹಂಗೂ ಇಲ್ಲ.

ವಾಕರಿಕೆಯ ವಿಷಯ ನಮ್ಮವರಿಗೆ ಹೇಳುವುದು ಸುಲಭ. ಚಾರ್ಮಾಡಿ ಘಾಟಿಯಲ್ಲಿ ಬಸ್ಸು ತಿರುವು ಇಳಿಯುವಾಗ ಪುಸ್ತಕ ಓದಿ ನೋಡಿ. ಒಳಗಿವಿ "ಅಲುಗುತ್ತಿದ್ದೇವೆ" ಎನ್ನುತ್ತದೆ, ಪುಟದ ಮೇಲೆ ನೆಟ್ಟ ಕಣ್ಣು "ಇಲ್ಲ" ಎನ್ನುತ್ತದೆ. ಜಗಳದ ತೀರ್ಪು ಹೊಟ್ಟೆಯಿಂದ ಹೊರಬರುತ್ತದೆ. ವಿಆರ್‌ನಲ್ಲಿ ಅದೇ ಜಗಳ ತಿರುಗುಮುರುಗಾಗಿ ನಡೆಯುತ್ತದೆ: ಕಣ್ಣು ಓಡುತ್ತಿದೆ, ದೇಹ ಸೋಫಾದಲ್ಲಿದೆ. ಆದ್ದರಿಂದಲೇ ಅನೇಕ ಆಟಗಳಲ್ಲಿ ನಡೆಯುವ ಬದಲು ಒಂದೆಡೆಯಿಂದ ಇನ್ನೊಂದೆಡೆಗೆ ಥಟ್ಟನೆ ನೆಗೆಯುವ ವ್ಯವಸ್ಥೆ ಇರುತ್ತದೆ. 'ಬೀಟ್ ಸೇಬರ್' ಅಷ್ಟು ಜನಪ್ರಿಯವಾಗಲು ಇದೂ ಒಂದು ಕಾರಣವೆಂದು ನನ್ನ ಎಣಿಕೆ. ಅಲ್ಲಿ ಆಡುವವನು ನಿಂತಲ್ಲೇ ನಿಂತು ಎದುರು ಬರುವ ಪೆಟ್ಟಿಗೆಗಳನ್ನು ತಾಳಕ್ಕೆ ಸರಿಯಾಗಿ ಕತ್ತರಿಸುತ್ತಾನೆ. ಕಣ್ಣಿಗೂ ಕಿವಿಗೂ ಮನಸ್ತಾಪವಿಲ್ಲ.

ಎರಡು ವಂಶಗಳನ್ನು ಕಸಿ ಮಾಡುವ ಅಗ್ಗದ ಪ್ರಯತ್ನಗಳೂ ನಡೆದವು. ನಿಂಟೆಂಡೊ 1995ರಲ್ಲಿ ತಂದ ವರ್ಚುವಲ್ ಬಾಯ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಇಣುಕುವ ಪೆಟ್ಟಿಗೆ. ಕೆಂಪು ಬಿಟ್ಟರೆ ಬೇರೆ ಬಣ್ಣವಿಲ್ಲ, ವರ್ಷ ತುಂಬುವುದರೊಳಗೆ ಮುಗಿದ ಕಥೆ. 2014ರಲ್ಲಿ ಗೂಗಲ್ ರಟ್ಟಿನ ಡಬ್ಬಿಗೆ ಎರಡು ಮಸೂರ ಅಂಟಿಸಿ ಫೋನ್ ತೂರಿಸಿತು. ನಮ್ಮಲ್ಲಿ ಆ ದಾರಿಯಲ್ಲೇ 2023ರ ಐಪಿಎಲ್ ಹೊತ್ತಿಗೆ ಜಿಯೊಡೈವ್ ಬಂತು, ಆಗ ಬೆಲೆ 1,299 ರೂಪಾಯಿ. ಫೋನನ್ನು ಒಳಗಿಟ್ಟು ಆಗಿನ ಜಿಯೊಸಿನಿಮಾ ಆ್ಯಪ್‌ನಲ್ಲಿ ಕ್ರಿಕೆಟ್ ನೋಡುವ ಸಾಧನವಾಗಿತ್ತು ಅದು. ಜಾತ್ರೆಯ ಪೆಟ್ಟಿಗೆಯಲ್ಲಿ ಕಣ್ಣಿಟ್ಟು ತಾಜ್‌ಮಹಲ್ ನೋಡಿದವರಿಗೆ ಹೊಸದೇನಲ್ಲ. ಫೋನಿನ ಅರ್ಧ ಪರದೆ ಒಂದು ಕಣ್ಣಿಗೆ, ಅದನ್ನು ಮಸೂರ ಹಿಗ್ಗಿಸಿದಾಗ ಚೆಂಡು ಎಲ್ಲಿ ಹೋಯಿತೆಂದು ಹುಡುಕುವುದೇ ಒಂದು ಆಟ.

ಸಿನಿಮಾ ಪ್ರಿಯರು ಪಿಕ್ಸೆಲ್‌ಗಿಂತಲೂ ಮೊದಲು ನೋಡಬೇಕಾದದ್ದು ಕಪ್ಪು ಬಣ್ಣ. ರಾತ್ರಿಯ ದೃಶ್ಯದಲ್ಲಿ ಕಪ್ಪು ಕಪ್ಪಾಗಿರಬೇಕು. ಕ್ವೆಸ್ಟ್ 3ರದು ಎಲ್‌ಸಿಡಿ ಪರದೆ. ಹಿಂದೆ ಸದಾ ದೀಪ ಉರಿಯುವುದರಿಂದ ಅಮಾವಾಸ್ಯೆಯೂ ಬೂದಿ ಬಣ್ಣ. ಪಿಕ್ಸೆಲ್ ತಾನೇ ಬೆಳಗಿ ತಾನೇ ಆರುವ ಓಎಲ್‌ಇಡಿ ಹಾಕಬಹುದಿತ್ತಲ್ಲ ಎಂದರೆ ಮಸೂರ ಅಡ್ಡ ಬರುತ್ತದೆ. ಹೆಡ್‌ಸೆಟ್ ತೆಳ್ಳಗಿರಲೆಂದು ಈಗ ಬಳಸುವ ಪ್ಯಾನ್‌ಕೇಕ್ ಮಸೂರ ಬೆಳಕನ್ನು ಒಳಗೇ ಹಿಂದೆ ಮುಂದೆ ಪುಟಿಸುತ್ತದೆ. ಆ ಪುಟಿತದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಬೆಳಕು ಪೋಲು. ಉಳಿದದ್ದರಲ್ಲೂ ಪ್ರಕಾಶ ಕಾಣಬೇಕಾದರೆ ಅಗ್ಗದ ಪ್ರಖರ ದೀಪವುಳ್ಳ ಎಲ್‌ಸಿಡಿಯೇ ಗತಿ, ಇಲ್ಲವಾದರೆ ದುಬಾರಿ ಮೈಕ್ರೊ ಓಎಲ್‌ಇಡಿ. 2023ರ ಪ್ಲೇಸ್ಟೇಷನ್ ವಿಆರ್2 ಹಳೆಯ ಫ್ರೆನೆಲ್ ಮಸೂರವನ್ನೇ ಇಟ್ಟುಕೊಂಡು ಓಎಲ್‌ಇಡಿ ಉಳಿಸಿಕೊಂಡಿತು. ಕಪ್ಪು ಚೆನ್ನಾಗಿ ಬಂತು, ಮಸೂರದ ನಟ್ಟನಡುವೆ ಕಣ್ಣು ಕೂರದಿದ್ದರೆ ಅಂಚೆಲ್ಲ ಮಂಕು. 'ಗ್ರಾನ್ ಟುರಿಸ್ಮೊ 7'ರಲ್ಲಿ ರಾತ್ರಿ ರೇಸ್ ಓಡಿಸುವವರಿಗೆ ಅದಕ್ಕಿಂತ ಒಳ್ಳೆಯದು ಆ ಬೆಲೆಯಲ್ಲಿಲ್ಲ ಎಂದೇ ನಾನು ಹೇಳುವುದು. ಸಿನಿಮಾಕ್ಕೆಂದು ಅದನ್ನು ಕೊಳ್ಳುವುದು ಮಾತ್ರ ದಂಡ.

ಕನ್ನಡಕಗಳ ತೊಂದರೆ ಬೇರೆ. ಅವುಗಳಲ್ಲಿ ಪುಟ್ಟ ಪರದೆ ಹುಬ್ಬಿನ ಬಳಿ ಕೆಳಮುಖವಾಗಿ ಕೂತಿರುತ್ತದೆ, ಓರೆಯಾಗಿ ಇಟ್ಟ ಗಾಜು ಅದನ್ನು ಕಣ್ಣಿಗೆ ತಿರುಗಿಸುತ್ತದೆ. ಆ ಗಾಜು ಕೆಳಗಿನಿಂದ ಬರುವ ಬೆಳಕನ್ನೂ ಅಷ್ಟೇ ನಿಷ್ಠೆಯಿಂದ ಕಣ್ಣಿಗೆ ತಲುಪಿಸುತ್ತದೆ. ಹಗಲು ಹೊತ್ತು ಬಿಳಿ ಪಂಚೆ ಉಟ್ಟು ಕೂತರೆ ನಾಯಕಿಯ ಮುಖದ ಮೇಲೆ ಪಂಚೆಯ ನೆರಿಗೆ! ಕಡು ಬಣ್ಣದ ಲುಂಗಿಗೆ ಬದಲಾಯಿಸಿಕೊಂಡರೆ ಸರಿಹೋಗುತ್ತದೆ. ಯಾವ ಕೈಪಿಡಿಯೂ ಇದನ್ನು ಹೇಳಿದ್ದು ನಾನು ನೋಡಿಲ್ಲ.

3ಡಿ ಸಿನಿಮಾದ ವಿಷಯದಲ್ಲಿ ಮಾತ್ರ ತಲೆಗೆ ಕಟ್ಟುವ ಪರದೆಗೆ ಎದುರಾಳಿಯೇ ಇಲ್ಲ. 'ವಿಕ್ರಾಂತ್ ರೋಣ'ವನ್ನು ಥಿಯೇಟರಿನಲ್ಲಿ 3ಡಿಯಲ್ಲಿ ನೋಡಿದವರಿಗೆ ಕಪ್ಪು ಕನ್ನಡಕದ ಮಬ್ಬು ನೆನಪಿರಬಹುದು. ಥಿಯೇಟರಿನಲ್ಲಿ ಒಂದೇ ಪರದೆಯ ಎರಡು ಚಿತ್ರಗಳನ್ನು ಕನ್ನಡಕ ಸೋಸಬೇಕು. ಸೋಸುವಾಗ ಬೆಳಕು ಹೋಗುತ್ತದೆ, ಒಂದು ಕಣ್ಣಿನ ಚಿತ್ರ ಇನ್ನೊಂದಕ್ಕೆ ಸೋರುತ್ತದೆ. ತಲೆಗೆ ಕಟ್ಟುವ ಪರದೆಯಲ್ಲಿ ಪ್ರತಿ ಕಣ್ಣಿಗೂ ಸ್ವಂತ ಚಿತ್ರ, ಸೋಸುವ ಮಾತೇ ಇಲ್ಲ. 3ಡಿ ಟೀವಿಗಳ ತಯಾರಿಕೆ 2017ರ ಹೊತ್ತಿಗೆ ನಿಂತೇಹೋಯಿತು. ಮನೆಯಲ್ಲಿ 3ಡಿ ಬೇಕೆನ್ನುವವರಿಗೆ ಉಳಿದ ದಾರಿ ಹೆಚ್ಚುಕಡಿಮೆ ಇದೊಂದೇ.

ಎರಡೂ ಕೆಲಸ ಒಂದೇ ಯಂತ್ರ ಮಾಡಲಿ ಎಂದರೆ? 2024ರ ಫೆಬ್ರವರಿಯಲ್ಲಿ ಆ್ಯಪಲ್ ವಿಷನ್ ಪ್ರೊ ಬಂದದ್ದು ಹೆಚ್ಚುಕಡಿಮೆ ಆ ಹಟದಿಂದಲೇ. ಎರಡು ಬಿಲ್ಲೆ ಸೇರಿ 2.3 ಕೋಟಿ ಪಿಕ್ಸೆಲ್, ಡಿಗ್ರಿಗೆ ಸುಮಾರು 34, ಕಪ್ಪು ಕಾಡಿಗೆಯಂತೆ ಕಪ್ಪು. ಕೊಟ್ಟದ್ದು 3,499 ಡಾಲರ್, ಹೊತ್ತದ್ದು 600 ಗ್ರಾಂ ಮೀರಿದ ತೂಕ, ಜೇಬಿನಲ್ಲಿ ಪ್ರತ್ಯೇಕ ಬ್ಯಾಟರಿ, ಅದೂ ವಿಡಿಯೊ ನೋಡಲು ಎರಡೂವರೆ ಗಂಟೆ. ಕನ್ನಡದ ಎಷ್ಟೋ ಸಿನಿಮಾ ಕ್ಲೈಮ್ಯಾಕ್ಸ್‌ಗೆ ಬರುವ ಹೊತ್ತಿಗೆ ಚಾರ್ಜರ್ ಹುಡುಕಬೇಕು. ಆಟದವರ ಪಾಲಿಗೆ ಅದರಲ್ಲಿ ಕೈಯಲ್ಲಿ ಹಿಡಿಯುವ ವಿಆರ್ ಕಂಟ್ರೋಲರೇ ಇರಲಿಲ್ಲ. ಪ್ಲೇಸ್ಟೇಷನ್ ವಿಆರ್2ರ ಕಂಟ್ರೋಲರ್ ಜೋಡಿಸಲು ಅವಕಾಶವಾದದ್ದು 2025ರಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಸ್ಯಾಮ್‌ಸಂಗ್ 1,799 ಡಾಲರಿಗೆ ಗ್ಯಾಲಕ್ಸಿ ಎಕ್ಸ್‌ಆರ್ ತಂದಿತು, 545 ಗ್ರಾಂ, ಪಿಕ್ಸೆಲ್ ಇನ್ನೂ ಹೆಚ್ಚು. ಇನ್ನೊಂದು ತುದಿಯಲ್ಲಿ 2023ರ ಬಿಗ್‌ಸ್ಕ್ರೀನ್ ಬಿಯಾಂಡ್: ಕೊಳ್ಳುವವರ ಮುಖವನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ, ಅದೇ ಅಚ್ಚಿಗೆ ಮೆತ್ತೆ ಹೊಲಿದು ಕೊಡುತ್ತಾರೆ, ತೂಕ ಬರೀ 127 ಗ್ರಾಂ. ಚೆನ್ನಾಗಿದೆ, ಆದರೆ ನಿಮ್ಮ ಮುಖಕ್ಕೆ ಹೊಂದಿದ್ದು ಹೆಂಡತಿಯ ಮುಖಕ್ಕೆ ಹೊಂದುವುದಿಲ್ಲ, ಜೊತೆಗೆ ಗಟ್ಟಿ ಗೇಮಿಂಗ್ ಪಿಸಿ ಬೇಕು, ಕೋಣೆಯ ಮೂಲೆಗಳಲ್ಲಿ ಬೆಳಕು ಬೀರುವ ಪೆಟ್ಟಿಗೆಗಳನ್ನು ನಿಲ್ಲಿಸಬೇಕು.

ದುಡ್ಡು ಕೊಡುವ ಮೊದಲು ಎರಡು ಸಣ್ಣ ವಿಚಾರ ನೋಡಿಕೊಳ್ಳಿ. ಡಿಸ್‌ಪ್ಲೇ ಕನ್ನಡಕಕ್ಕೆ ಚಿತ್ರ ಬರುವುದು ಫೋನಿನ ಟೈಪ್-ಸಿ ತೂತಿನಿಂದ. ತೂತು ನೋಡಲು ಒಂದೇ ಥರ ಇದ್ದರೂ ನಮ್ಮಲ್ಲಿ ಹೆಚ್ಚು ಓಡುವ ನಡು ಬೆಲೆಯ ಫೋನುಗಳಲ್ಲಿ ಬಹಳಷ್ಟಕ್ಕೆ ಅದರಿಂದ ಚಿತ್ರ ಹೊರಕಳಿಸುವ ಯೋಗ್ಯತೆ ಇಲ್ಲ, ಚಾರ್ಜ್ ಮಾಡುವುದಕ್ಕಷ್ಟೇ. ಐಫೋನಿನಲ್ಲಾದರೆ 15ರಿಂದ ಈಚಿನವು ಆಗುತ್ತವೆ. ಎರಡನೆಯದು, ನೀವು ನೋಡುವ ಸಿನಿಮಾ ಯಾವ ಆ್ಯಪ್‌ನಲ್ಲಿದೆಯೋ ಅದು ಆ ಯಂತ್ರದಲ್ಲಿ ಇದೆಯೇ ಎಂಬುದು. ವಿಷನ್ ಪ್ರೊ ಬಂದಾಗ ನೆಟ್‌ಫ್ಲಿಕ್ಸ್ ಅದಕ್ಕೆ ಆ್ಯಪ್ ಮಾಡಲಿಲ್ಲ, ಬ್ರೌಸರಿನಲ್ಲಿ ನೋಡಿಕೊಳ್ಳಿ ಎಂದಿತು. ಕನ್ನಡಕಕ್ಕೆ ಈ ರಗಳೆ ಕಡಿಮೆ. ಅದು ಬರೀ ಮಾನಿಟರು, ಫೋನಿನಲ್ಲಿ ಏನಿದೆಯೋ ಅದನ್ನೇ ತೋರಿಸುತ್ತದೆ.

ದೃಷ್ಟಿದೋಷದ ಕನ್ನಡಕ ಇರುವವರು ನಂಬರಿನ ಒಳಮಸೂರ ಮಾಡಿಸಿಕೊಳ್ಳುವುದೇ ಲೇಸು. ಕನ್ನಡಕದ ಮೇಲೆ ಹೆಡ್‌ಸೆಟ್ ಒತ್ತಿದರೆ ಎರಡೂ ಗಾಜು ಉಜ್ಜಿ ಗೀರು ಬೀಳುತ್ತದೆ. ಎರಡು ಕಣ್ಣುಗಳ ನಡುವಿನ ಅಂತರವನ್ನೂ ಕೇಳಿ ತಿಳಿದುಕೊಂಡಿರಬೇಕು, ದೊಡ್ಡವರಲ್ಲಿ ಸರಾಸರಿ 63 ಮಿಲಿಮೀಟರ್. ಮಕ್ಕಳಲ್ಲಿ ಇನ್ನೂ ಕಡಿಮೆ, ಮಸೂರಗಳು ಅಷ್ಟು ಹತ್ತಿರ ಬರುವುದೇ ಇಲ್ಲ. ಇನ್ನೊಂದು ಮಾತು ನನ್ನದೇ ದಡ್ಡತನದಿಂದ ಕಲಿತದ್ದು. ಮುಖದ ಬೆವರು ಆರಲೆಂದು ಹುಡುಗನ ಹೆಡ್‌ಸೆಟ್ಟನ್ನು ಬೆಳಗಿನ ಬಿಸಿಲು ಬೀಳುವ ಕಿಟಕಿಕಟ್ಟೆಯ ಮೇಲೆ ಅಂಗಾತ ಇಟ್ಟಿದ್ದೆ. ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಕಾಗದ ಸುಟ್ಟವನು ನಾನೇ. ಆ ಮಸೂರವೂ ಭೂತಗನ್ನಡಿಯೇ ಎಂದು ಹೊಳೆಯಲಿಲ್ಲ. ಎಡಗಣ್ಣಿನ ಪರದೆಯ ಮೇಲೆ ಸಾಸಿವೆ ಕಾಳಿನಷ್ಟು ಹಳದಿ ಕಲೆ ಉಳಿಯಿತು. ಅವನು ಇನ್ನೂ ಅಣಕಿಸುತ್ತಾನೆ.

ಆಡುವ ಹುಚ್ಚಿದ್ದು, ಕೋಣೆಯಲ್ಲಿ ಕೈಕಾಲು ಬೀಸಲು ಜಾಗವಿದ್ದು, ಸಿನಿಮಾ ಎಂದಾದರೊಮ್ಮೆ ಸಾಕು ಎನ್ನುವವರಿಗೆ ನಾನು ಕ್ವೆಸ್ಟ್ 3 ಬೇಡವೆನ್ನುವುದಿಲ್ಲ. ಪ್ಲೇಸ್ಟೇಷನ್ 5 ಮನೆಯಲ್ಲಿ ಈಗಾಗಲೇ ಇದ್ದರೆ ವಿಆರ್2. ಸಿನಿಮಾಕ್ಕೇ ಬೇಕೆಂದರೆ ಕನ್ನಡಕ. ಎರಡಕ್ಕೂ ಒಂದೇ ಎಂದು ಹಟ ಹಿಡಿದವರು ಒಂದು ಹಳೆ ಕಾರಿನ ಬೆಲೆ ಕೈಯಲ್ಲಿ ಹಿಡಿದು ಹೊರಡಬೇಕು. ನಾನು ಕೊನೆಗೆ ಕನ್ನಡಕವನ್ನೇ ತೆಗೆದುಕೊಂಡೆ. ಯಾವ ಕಂಪನಿಯದೆಂದು ಕೇಳಬೇಡಿ.

ಅದನ್ನು ಹಾಕಿಕೊಂಡು ಹೊರಟದ್ದು ಮಂಗಳೂರಿನ ಹಗಲು ಬಸ್ಸಿನಲ್ಲಿ. ಹಾಸನದವರೆಗೆ ಸ್ವರ್ಗ. ಎದುರಿನ ಸೀಟಿನ ಬೆನ್ನಿನ ಮೇಲೆ ನೇತುಹಾಕಿದಂತೆ ಪರದೆ, ಪಕ್ಕದ ಯಜಮಾನರು ಮಾತ್ರ "ಏನ್ ಸಾರ್, ಕಣ್ಣಿನ ಆಪರೇಷನ್ ಆಯ್ತಾ?" ಎಂದು ವಿಚಾರಿಸಿದರು. ಸಕಲೇಶಪುರ ದಾಟಿ ಘಾಟಿ ಶುರುವಾದದ್ದೇ ನಾಯಕ ಕಿಟಕಿಯ ಕಡೆ ಜಾರತೊಡಗಿದ. ಪರದೆಯನ್ನು ಒಂದೇ ಜಾಗದಲ್ಲಿ ನಿಲ್ಲಿಸುವ ಸಂವೇದಕಕ್ಕೆ ಬಸ್ಸು ತಿರುಗಿದ್ದೂ ನನ್ನ ತಲೆ ತಿರುಗಿದ್ದೂ ಒಂದೇ. ಪ್ರತಿ ತಿರುವಿಗೂ ಪರದೆ ಹಿಂದೆ ಉಳಿಯುತ್ತಿತ್ತು, ನಾನು ಕತ್ತು ತಿರುಗಿಸಿ ಬೆನ್ನಟ್ಟುತ್ತಿದ್ದೆ. ಗುಂಡಿ ಒತ್ತಿ ಪರದೆಯನ್ನು ತಲೆಗೇ ಅಂಟಿಸಿಕೊಂಡೆ. ಜಾರುವುದು ನಿಂತಿತು, ಹೊಟ್ಟೆ ತೊಳಸುವುದು ಶುರುವಾಯಿತು. ಕಳಚಿ ಡಬ್ಬಿಗೆ ಹಾಕಿದೆ. ಯಜಮಾನರು ಒಂದು ನಿಂಬೆಹಣ್ಣು ಕೊಟ್ಟರು. ಮಿಕ್ಕ ಮುಕ್ಕಾಲು ಗಂಟೆಯ ಸಿನಿಮಾವನ್ನು ರಾತ್ರಿ ಲಾಡ್ಜಿನ ಕೋಣೆಯಲ್ಲಿ ದೀಪ ಆರಿಸಿ, ಗೋಡೆಗೆ ಬೆನ್ನು ಕೊಟ್ಟು, ಕಡು ನೀಲಿ ಲುಂಗಿಯಲ್ಲಿ ಕೂತು ನೋಡಿ ಮುಗಿಸಿದೆ.